ಮಿತ್ರನ ನೀತಿ ಬದಲಾದಾಗ: ಅಮೆರಿಕ ಮತ್ತು ಜಪಾನ್

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಜೊತೆ ಸೇರಿದ ದೇಶಗಳಿಗೆ ಎರಡು ಭರವಸೆಗಳು ಸಿಕ್ಕವು. ದಾಳಿಯಾದರೆ ಅಮೆರಿಕದ ಸೈನ್ಯ ನೆರವಿಗೆ ಬರುತ್ತದೆ ಎಂಬುದು ಮೊದಲನೆಯದು. ಸರಕು ತಯಾರಿಸಿ ಕಳುಹಿಸಿದರೆ ಅಮೆರಿಕದ ಮಾರುಕಟ್ಟೆ ಕೊಳ್ಳುತ್ತದೆ ಎಂಬುದು ಎರಡನೆಯದು. ಪಶ್ಚಿಮ ಯುರೋಪಿನ ದೇಶಗಳು, ಕೆನಡಾ, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ಜಪಾನ್ ತಮ್ಮ ಸೇನೆ, ಕಾರ್ಖಾನೆ, ಮುಂಗಡಪತ್ರಗಳನ್ನು ಈ ಭರವಸೆಗಳ ಲೆಕ್ಕದಲ್ಲೇ ರೂಪಿಸಿಕೊಂಡವು. ಆದ್ದರಿಂದ ವಾಷಿಂಗ್ಟನ್‌ನಲ್ಲಿ ನೀತಿ ಬದಲಾದಾಗಲೆಲ್ಲ ಅದರ ಬಿಸಿ ಈ ದೇಶಗಳಿಗೆ ಬೇಗ ತಟ್ಟುತ್ತದೆ. ಅದು ಹೇಗೆ ತಟ್ಟುತ್ತದೆ, ತಟ್ಟಿದ ಮೇಲೆ ಏನಾಗುತ್ತದೆ ಎಂಬುದನ್ನು ತಿಳಿಯಲು ಜಪಾನಿನ ಅನುಭವ ಒಳ್ಳೆಯ ಉದಾಹರಣೆ.

1951ರ ಸೆಪ್ಟೆಂಬರ್ 8ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಪಾನ್ ಒಂದೇ ದಿನ ಎರಡು ಒಪ್ಪಂದಗಳಿಗೆ ಸಹಿ ಹಾಕಿತು. ಒಂದು ಯುದ್ಧದಲ್ಲಿ ಎದುರಾಳಿಗಳಾಗಿದ್ದ ದೇಶಗಳೊಂದಿಗಿನ ಶಾಂತಿ ಒಪ್ಪಂದ. ಇನ್ನೊಂದು ಅಮೆರಿಕದೊಂದಿಗಿನ ರಕ್ಷಣಾ ಒಪ್ಪಂದ. ಜಪಾನಿನ ಹೊಸ ಸಂವಿಧಾನದ 9ನೆಯ ವಿಧಿ ಯುದ್ಧವನ್ನೇ ತ್ಯಜಿಸಿತ್ತು; ದೇಶದ ಕಾವಲನ್ನು ಬಹುಮಟ್ಟಿಗೆ ಅಮೆರಿಕ ಹೊತ್ತುಕೊಂಡಿತು, ಅದಕ್ಕೆ ಪ್ರತಿಯಾಗಿ ಜಪಾನ್ ಸೇನಾ ನೆಲೆಗಳಿಗೆ ಜಾಗ ಕೊಟ್ಟಿತು. 1949ರಲ್ಲೇ ಒಂದು ಡಾಲರಿಗೆ 360 ಯೆನ್ ಎಂದು ವಿನಿಮಯ ದರ ನಿಗದಿಯಾಗಿತ್ತು. ವಿದೇಶಾಂಗ ನೀತಿಯಲ್ಲೂ ಜಪಾನ್ ಅಮೆರಿಕದ ಹಾದಿಯನ್ನೇ ಹಿಡಿಯಿತು. ಬೀಜಿಂಗ್ ಸರ್ಕಾರವನ್ನು ಬಿಟ್ಟು ತೈವಾನಿನ ಸರ್ಕಾರಕ್ಕೆ ಮಾನ್ಯತೆ ನೀಡಿ, 1952ರಲ್ಲಿ ಅದರೊಂದಿಗೆ ಶಾಂತಿ ಒಪ್ಪಂದ ಮಾಡಿಕೊಂಡಿತು. ಈ ನೆಲೆಗಟ್ಟಿನ ಮೇಲೆ ಜಪಾನಿನ ಉದ್ಯಮ ಎರಡು ದಶಕ ಬೆಳೆಯಿತು.

1971ರಲ್ಲಿ ಒಂದು ತಿಂಗಳ ಅಂತರದಲ್ಲಿ ಈ ನೆಲೆಗಟ್ಟು ಎರಡು ಸಲ ಅಲುಗಾಡಿತು. ಜುಲೈ 15ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ತಾವು ಚೀನಾಕ್ಕೆ ಭೇಟಿ ನೀಡುವುದಾಗಿ ದೂರದರ್ಶನದಲ್ಲಿ ಪ್ರಕಟಿಸಿದರು. ಅವರ ಸಲಹೆಗಾರ ಹೆನ್ರಿ ಕಿಸಿಂಜರ್ ಅದಕ್ಕೂ ಮೊದಲು ಗುಟ್ಟಾಗಿ ಬೀಜಿಂಗ್‌ಗೆ ಹೋಗಿ ಬಂದಿದ್ದರು. ಜಪಾನಿನ ಪ್ರಧಾನಿ ಐಸಾಕು ಸಾಟೊ ಅವರಿಗೆ ಈ ಸುದ್ದಿ ಮುಟ್ಟಿದ್ದು ಪ್ರಕಟಣೆಗೆ ಕೆಲವೇ ನಿಮಿಷ ಮುಂಚೆ. ಅಮೆರಿಕದ ಮಾತಿಗೆ ಕಟ್ಟುಬಿದ್ದು ಇಪ್ಪತ್ತು ವರ್ಷ ಚೀನಾದಿಂದ ದೂರವಿದ್ದ ಸರ್ಕಾರ ತನ್ನ ಜನರೆದುರು ಮುಖಭಂಗ ಅನುಭವಿಸಬೇಕಾಯಿತು. ಮುಂದಿನ ವರ್ಷ ಸಾಟೊ ಅಧಿಕಾರ ಬಿಟ್ಟರು. ಅವರ ನಂತರ ಬಂದ ಕಾಕುಯಿ ತನಾಕ 1972ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ಗೆ ಹೋಗಿ ಚೀನಾದೊಂದಿಗೆ ರಾಜತಾಂತ್ರಿಕ ಸಂಬಂಧ ಸ್ಥಾಪಿಸಿದರು. ಅಮೆರಿಕ ಅದೇ ಕೆಲಸ ಮಾಡಿದ್ದು 1979ರ ಜನವರಿ 1ರಂದು. ಹಿಂಬಾಲಿಸುತ್ತಿದ್ದ ದೇಶ ಆರು ವರ್ಷಕ್ಕೂ ಹೆಚ್ಚು ಮುಂದೆ ಹೋಗಿತ್ತು.

ಎರಡನೆಯ ಪೆಟ್ಟು ಆಗಸ್ಟ್ 15ರಂದು ಬಿತ್ತು. ಡಾಲರನ್ನು ಚಿನ್ನಕ್ಕೆ ಬದಲಾಯಿಸಿ ಕೊಡುವುದನ್ನು ನಿಲ್ಲಿಸಲಾಗಿದೆ, ಆಮದು ಸರಕಿನ ಮೇಲೆ ಶೇಕಡಾ 10ರಷ್ಟು ಹೆಚ್ಚುವರಿ ಸುಂಕ ಬೀಳುತ್ತದೆ ಎಂದು ನಿಕ್ಸನ್ ಘೋಷಿಸಿದರು. ವಿಯೆಟ್ನಾಂ ಯುದ್ಧದ ಖರ್ಚು, ಹಣದುಬ್ಬರ, ಕರಗುತ್ತಿದ್ದ ಚಿನ್ನದ ದಾಸ್ತಾನು ಇದಕ್ಕೆ ಕಾರಣಗಳಾಗಿದ್ದವು. ಯೆನ್ ಮತ್ತು ಜರ್ಮನಿಯ ಮಾರ್ಕ್ ತಮ್ಮ ಬೆಲೆ ಏರಿಸಿಕೊಳ್ಳುವಂತೆ ಒತ್ತಾಯಿಸುವುದು ಸುಂಕದ ಗುರಿ. ಯುರೋಪಿನ ವಿನಿಮಯ ಮಾರುಕಟ್ಟೆಗಳು ಬಾಗಿಲು ಹಾಕಿದರೂ ಜಪಾನಿನ ಕೇಂದ್ರ ಬ್ಯಾಂಕ್ ಹಳೆಯ ದರ ಉಳಿಸಿಕೊಳ್ಳಲು ಸುಮಾರು ಎರಡು ವಾರ ಡಾಲರ್ ಕೊಳ್ಳುತ್ತಲೇ ಹೋಯಿತು. ಕೊನೆಗೆ ಆಗಸ್ಟ್ 28ರಂದು ಕೈಚೆಲ್ಲಿತು. ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ನಡೆದ ಮಾತುಕತೆಯಲ್ಲಿ ದರ 308 ಯೆನ್‌ಗೆ ನಿಂತಿತು. 1973ರ ಫೆಬ್ರವರಿಯಲ್ಲಿ ಆ ದರವನ್ನೂ ಕೈಬಿಡಲಾಯಿತು. ಯೆನ್ ಬೆಲೆಯನ್ನು ಮಾರುಕಟ್ಟೆಯ ಏರಿಳಿತಕ್ಕೆ ಬಿಡಲಾಯಿತು.

ಇದೇ ಹೊತ್ತಿಗೆ ಬಟ್ಟೆಯ ಜಗಳ ನಡೆಯುತ್ತಿತ್ತು. 1968ರ ಚುನಾವಣೆಯಲ್ಲಿ ನಿಕ್ಸನ್ ಅಮೆರಿಕದ ದಕ್ಷಿಣ ರಾಜ್ಯಗಳ ಜವಳಿ ಗಿರಣಿಗಳಿಗೆ ಆಮದಿನಿಂದ ರಕ್ಷಣೆ ಕೊಡುವುದಾಗಿ ಮಾತು ಕೊಟ್ಟಿದ್ದರು. ಎರಡನೆಯ ಮಹಾಯುದ್ಧದ ಕಾಲದಿಂದ ಅಮೆರಿಕದ ವಶದಲ್ಲಿದ್ದ ಓಕಿನಾವಾ ದ್ವೀಪಗಳನ್ನು ಮರಳಿ ಪಡೆಯಲು ಜಪಾನ್ ಕಾಯುತ್ತಿತ್ತು. ಎರಡು ವಿಷಯಗಳೂ ಒಂದಕ್ಕೊಂದು ತೊಡರಿಕೊಂಡವು. ಮಾತುಕತೆ ಮುಗಿಯದೆ ಹೋದಾಗ, 1971ರ ಅಕ್ಟೋಬರ್ 15ರೊಳಗೆ ಒಪ್ಪದಿದ್ದರೆ ಶತ್ರು ದೇಶಗಳೊಂದಿಗಿನ ವ್ಯಾಪಾರ ಕಾಯ್ದೆಯಡಿ ಆಮದಿಗೆ ಮಿತಿ ಹಾಕುವುದಾಗಿ ಅಮೆರಿಕ ಎಚ್ಚರಿಸಿತು. 1917ರಲ್ಲಿ ಶತ್ರುಗಳಿಗಾಗಿ ಮಾಡಿದ ಕಾಯ್ದೆಯನ್ನು ಮಿತ್ರನ ಮುಂದೆ ಹಿಡಿಯಲಾಗಿತ್ತು. ಜಪಾನ್ ಮಣಿಯಿತು. ಉಣ್ಣೆ ಮತ್ತು ಕೃತಕ ನೂಲಿನ ಬಟ್ಟೆಯ ರಫ್ತಿಗೆ ಮಿತಿ ಬಿತ್ತು. 1972ರ ಮೇ 15ರಂದು ಓಕಿನಾವಾ ಜಪಾನಿಗೆ ಮರಳಿತು. ಬಟ್ಟೆಯನ್ನೇ ನಂಬಿದ್ದ ಊರುಗಳಲ್ಲಿ ನೇಕಾರರ ಮಗ್ಗಗಳನ್ನು ಸರ್ಕಾರವೇ ಪರಿಹಾರ ಕೊಟ್ಟು ಕೊಂಡುಕೊಂಡಿತು. ಮತ್ತೆ ನೇಯದಂತೆ ಅವುಗಳನ್ನು ಒಡೆದು ಗುಜರಿಗೆ ಹಾಕಿಸಿತು. ರಾಜಧಾನಿಗಳ ನಡುವಿನ ಕೊಡುಕೊಳ್ಳುವಿಕೆಯ ಬೆಲೆಯನ್ನು ತೆತ್ತವರು ಸಣ್ಣ ಊರುಗಳ ನೇಕಾರರು.

ಎರಡು ವರ್ಷಗಳಲ್ಲಿ ಪೆಟ್ಟು ಅಡುಗೆಮನೆಗೂ ತಲುಪಿತು. ಜಪಾನಿನ ಮನೆಗಳಲ್ಲಿ ಸೋಯಾ ಅವರೆ ಇಲ್ಲದೆ ಊಟವಿಲ್ಲ. ತೋಫು, ಮಿಸೊ, ನಾಟೊ, ಸೋಯಾ ಸಾಸ್ ಎಲ್ಲಕ್ಕೂ ಅದೇ ಮೂಲ. ಹೊರಗಿನಿಂದ ತರಿಸುತ್ತಿದ್ದ ಸೋಯಾದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಅಮೆರಿಕದಿಂದಲೇ ಬರುತ್ತಿತ್ತು. 1972ರಲ್ಲಿ ಪೆರು ದೇಶದ ಕಡಲಲ್ಲಿ ಎಲ್ ನಿನೊ ಬಿಸಿನೀರಿನ ಪ್ರವಾಹದಿಂದ ಆಂಚೊವಿ ಮೀನುಗಾರಿಕೆ ನೆಲಕಚ್ಚಿತು. ದನ, ಕೋಳಿಗಳ ಮೇವಿಗೆ ಬಳಸುತ್ತಿದ್ದ ಮೀನುಹಿಟ್ಟಿನ ಬದಲಿಗೆ ಎಲ್ಲರೂ ಸೋಯಾ ಹುಡುಕತೊಡಗಿದರು, ಬೆಲೆ ಗಗನಕ್ಕೇರಿತು. ಅಮೆರಿಕದಲ್ಲಿ ಮಾಂಸದ ಬೆಲೆ ಏರಿದ್ದಕ್ಕೆ ಜನ ಸಿಟ್ಟಾಗಿದ್ದರು. 1973ರ ಜೂನ್ 27ರಂದು ಅಮೆರಿಕ ಸರ್ಕಾರ ಸೋಯಾ ರಫ್ತನ್ನು ತಡೆಹಿಡಿಯಿತು. ಪೂರ್ತಿ ತಡೆ ಇದ್ದದ್ದು ಕೆಲವೇ ದಿನ. ಆಮೇಲೆ ಹಳೆಯ ಕರಾರುಗಳ ಅರ್ಧದಷ್ಟು ಸರಕನ್ನು ಮಾತ್ರ ಪರವಾನಗಿಯ ಮೇಲೆ ಬಿಡಲಾಯಿತು. ಅದೇ ವರ್ಷದ ಸುಗ್ಗಿಯ ಹೊತ್ತಿಗೆ ನಿರ್ಬಂಧ ತೆರವಾಯಿತು.

ನಿರ್ಬಂಧ ಹೋದರೂ ಪಾಠ ಉಳಿಯಿತು. ಊಟದ ತಟ್ಟೆಗೆ ಒಂದೇ ದೇಶವನ್ನು ನಂಬಬಾರದು ಎಂದು ಜಪಾನ್ ತೀರ್ಮಾನಿಸಿತು. 1974ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ತನಾಕ ಬ್ರೆಜಿಲ್‌ಗೆ ಹೋಗಿ ಕೃಷಿ ಸಹಕಾರದ ಮಾತು ಆಡಿದರು. ಬ್ರೆಜಿಲ್‌ನ ನಡುನಾಡಿನ ಸೆರಾಡೊ ಎಂಬ ವಿಶಾಲ ಬಯಲಿನ ಮಣ್ಣು ಹುಳಿಮಣ್ಣು. ಅಲ್ಲಿ ಬೇಸಾಯ ಸಾಧ್ಯವಿಲ್ಲವೆಂದೇ ಬಹುಕಾಲ ನಂಬಿದ್ದರು. 1973ರಲ್ಲಿ ಸ್ಥಾಪನೆಯಾದ ಬ್ರೆಜಿಲ್‌ನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ, ಸುಣ್ಣ ಹಾಕಿ ಮಣ್ಣಿನ ಹುಳಿ ಇಳಿಸುವ ಕ್ರಮವನ್ನೂ ಬಿಸಿಲುನಾಡಿಗೆ ಒಗ್ಗುವ ಸೋಯಾ ತಳಿಗಳನ್ನೂ ಬೆಳೆಸಿತು. 1979ರಿಂದ 2001ರವರೆಗೆ ನಡೆದ ಜಂಟಿ ಯೋಜನೆಯಲ್ಲಿ ಜಪಾನ್ ಹಣ ಮತ್ತು ತಂತ್ರಜ್ಞಾನ ಹಾಕಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಸೋಯಾ ಬೆಳೆಯುವ, ಅತಿ ಹೆಚ್ಚು ರಫ್ತು ಮಾಡುವ ದೇಶ ಬ್ರೆಜಿಲ್. 2018ರಲ್ಲಿ ಅಮೆರಿಕದೊಂದಿಗೆ ಸುಂಕದ ಸಮರ ನಡೆದಾಗ ಚೀನಾ ಸೋಯಾಕ್ಕಾಗಿ ಅಮೆರಿಕವನ್ನು ಬಿಟ್ಟು ಬ್ರೆಜಿಲ್ ಕಡೆ ತಿರುಗಿತು. ಅಮೆರಿಕದ ರೈತರು ನಷ್ಟಕ್ಕೆ ಸಿಕ್ಕಿದರು. 1973ರಲ್ಲಿ ಒಂದು ಬೇಸಿಗೆಯ ಬೆಲೆ ಇಳಿಸಲು ಮಾಡಿದ ತೀರ್ಮಾನ ಅಮೆರಿಕದ ರೈತರಿಗೆ ಶಾಶ್ವತ ಪ್ರತಿಸ್ಪರ್ಧಿಯೊಬ್ಬನನ್ನು ಬೆಳೆಸಲು ನೆರವಾಯಿತು.

1980ರ ದಶಕದಲ್ಲಿ ಜಗಳ ಕಾರುಗಳ ಸುತ್ತ ನಡೆಯಿತು. 1979ರ ತೈಲ ಬಿಕ್ಕಟ್ಟಿನ ನಂತರ ಕಡಿಮೆ ಪೆಟ್ರೋಲ್ ಕುಡಿಯುವ ಜಪಾನಿ ಕಾರುಗಳಿಗೆ ಅಮೆರಿಕದಲ್ಲಿ ಬೇಡಿಕೆ ಹೆಚ್ಚಿತು. ಡೆಟ್ರಾಯಿಟ್‌ನಲ್ಲಿ ಕೆಲಸಗಾರರು ಕೆಲಸ ಕಳೆದುಕೊಂಡರು. ಮುಕ್ತ ವ್ಯಾಪಾರದ ಮಾತಾಡುತ್ತಿದ್ದ ರೊನಾಲ್ಡ್ ರೇಗನ್ ಸರ್ಕಾರ ತಾನೇ ಮಿತಿ ಹೇರುವ ಬದಲು ಜಪಾನ್ ತಾನಾಗಿ ಮಿತಿ ಹಾಕಿಕೊಳ್ಳುವಂತೆ ಮಾಡಿತು. 1981ರಲ್ಲಿ ವರ್ಷಕ್ಕೆ 16.8 ಲಕ್ಷ ಕಾರುಗಳಷ್ಟೇ ಹೋಗಬೇಕೆಂದು ನಿಗದಿಯಾಯಿತು. 1985ರ ಹೊತ್ತಿಗೆ ಇದು 23 ಲಕ್ಷಕ್ಕೇರಿ, 1994ರಲ್ಲಿ ಮಿತಿ ರದ್ದಾಯಿತು. ಕಾರುಗಳ ಸಂಖ್ಯೆಗೆ ಮಿತಿ ಬಿದ್ದಾಗ ಕಂಪನಿಗಳು ಹೆಚ್ಚು ಬೆಲೆಯ ಕಾರುಗಳನ್ನು ಕಳುಹಿಸತೊಡಗಿದವು. ಹೋಂಡಾದ ಅಕ್ಯುರಾ, ಟೊಯೊಟಾದ ಲೆಕ್ಸಸ್, ನಿಸ್ಸಾನ್‌ನ ಇನ್ಫಿನಿಟಿ ಆ ಕಾಲದಲ್ಲೇ ಹುಟ್ಟಿದವು. ಜೊತೆಗೆ ಕಾರ್ಖಾನೆಗಳೇ ಕಡಲು ದಾಟಿದವು. 1982ರಲ್ಲಿ ಹೋಂಡಾ ಒಹಾಯೊ ರಾಜ್ಯದ ಮೇರಿಸ್‌ವಿಲ್‌ನಲ್ಲಿ ಕಾರು ತಯಾರಿಕೆ ಆರಂಭಿಸಿತು. ನಿಸ್ಸಾನ್ ಟೆನೆಸ್ಸಿಯಲ್ಲಿ, ಟೊಯೊಟಾ ಕೆಂಟಕಿಯಲ್ಲಿ ನೆಲೆಯೂರಿದವು. ಕಂಪನಿಗಳು ಬದುಕಿದವು, ಆದರೆ ಜಪಾನಿನಲ್ಲಿ ಹುಟ್ಟಬೇಕಾಗಿದ್ದ ಒಂದಷ್ಟು ಉದ್ಯೋಗ ಅಮೆರಿಕಕ್ಕೆ ಹೋಯಿತು.

ವಿನಿಮಯ ದರದ ವಿಷಯದಲ್ಲಿ ಇನ್ನೂ ದೊಡ್ಡ ಬದಲಾವಣೆ ಬಂತು. 1985ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಅಮೆರಿಕ, ಜಪಾನ್, ಪಶ್ಚಿಮ ಜರ್ಮನಿ, ಬ್ರಿಟನ್, ಫ್ರಾನ್ಸ್ ದೇಶಗಳ ಹಣಕಾಸು ಮಂತ್ರಿಗಳು ಸೇರಿ ಡಾಲರಿನ ಬೆಲೆ ಇಳಿಸಲು ಒಪ್ಪಿದರು. ಆಗ ಡಾಲರಿಗೆ ಸುಮಾರು 240 ಯೆನ್ ಇತ್ತು. ಒಂದು ವರ್ಷದೊಳಗೆ 150ರ ಆಸುಪಾಸಿಗೆ ಬಂತು. ಹತ್ತು ಸಾವಿರ ಡಾಲರಿಗೆ ಮಾರಿದ ಕಾರು ಮೊದಲು 24 ಲಕ್ಷ ಯೆನ್ ತರುತ್ತಿದ್ದರೆ, ಈಗ ಅದೇ ಕಾರು 15 ಲಕ್ಷ ಯೆನ್ ತಂದಿತು. ರಫ್ತುದಾರರನ್ನು ಉಳಿಸಲು ಜಪಾನಿನ ಕೇಂದ್ರ ಬ್ಯಾಂಕ್ ತನ್ನ ಬಡ್ಡಿ ದರವನ್ನು ಶೇಕಡಾ 5ರಿಂದ 2.5ಕ್ಕೆ ಇಳಿಸಿತು. ಅಗ್ಗದ ಸಾಲ ಷೇರುಪೇಟೆಗೂ ಜಮೀನಿಗೂ ಹರಿಯಿತು. 1989ರ ಡಿಸೆಂಬರ್ ಕೊನೆಗೆ ನಿಕ್ಕೈ ಷೇರು ಸೂಚ್ಯಂಕ 38,915ಕ್ಕೇರಿ, ಮುಂದೆ ಕುಸಿಯಿತು. ಆ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಈ ಕುಸಿತಕ್ಕೆ ಜಪಾನಿನ ಸ್ವಂತ ತಪ್ಪುಗಳೂ ಕಾರಣ. ಆದರೆ ಬಡ್ಡಿ ಇಳಿಸುವ ಒತ್ತಡ ಹುಟ್ಟಿದ್ದು ಪ್ಲಾಜಾ ಒಪ್ಪಂದದಿಂದ.

ಅಮೆರಿಕದ ಸಾರ್ವಜನಿಕ ಭಾವನೆ ಎಷ್ಟು ಕಾವೇರಿತ್ತೆಂಬುದಕ್ಕೆ 1987ರ ಒಂದು ದೃಶ್ಯ ಸಾಕ್ಷಿ. ತೋಷಿಬಾ ಸಮೂಹದ ಕಂಪನಿಯೊಂದು ಸೋವಿಯತ್ ಒಕ್ಕೂಟಕ್ಕೆ ನಿಷೇಧಿತ ಯಂತ್ರಗಳನ್ನು ಮಾರಿದ್ದು ಬಯಲಾದಾಗ, ಅಮೆರಿಕದ ಕಾಂಗ್ರೆಸ್ ಸದಸ್ಯರು ಕ್ಯಾಪಿಟಲ್ ಕಟ್ಟಡದ ಮುಂದಿನ ಹುಲ್ಲುಹಾಸಿನಲ್ಲಿ ತೋಷಿಬಾ ರೇಡಿಯೊವೊಂದನ್ನು ಸುತ್ತಿಗೆಯಿಂದ ಕುಟ್ಟಿ ಪುಡಿಮಾಡಿದರು. ಅದೇ ವರ್ಷ ಅಮೆರಿಕದೊಂದಿಗಿನ ಅರೆವಾಹಕ ಚಿಪ್‌ಗಳ ಒಪ್ಪಂದವನ್ನು ಜಪಾನ್ ಪಾಲಿಸಿಲ್ಲವೆಂದು 30 ಕೋಟಿ ಡಾಲರ್ ಮೌಲ್ಯದ ಜಪಾನಿ ಸರಕಿನ ಮೇಲೆ ಶೇಕಡಾ 100ರ ಸುಂಕ ಬಿತ್ತು. ಶೀತಲ ಸಮರದಲ್ಲಿ ಎರಡು ದೇಶಗಳೂ ಒಂದೇ ಪಾಳಯದಲ್ಲಿದ್ದವು. ವ್ಯಾಪಾರದಲ್ಲಿ ಅದು ರಕ್ಷಣೆ ಕೊಡಲಿಲ್ಲ.

ರಕ್ಷಣೆಯ ಕ್ಷೇತ್ರದಲ್ಲೂ ಬೇಡಿಕೆ ಬದಲಾಗುತ್ತ ಬಂತು. ಯುದ್ಧ ತ್ಯಜಿಸುವ ಸಂವಿಧಾನವನ್ನು ಅಮೆರಿಕದ ಆಡಳಿತವೇ ಬರೆಸಿತ್ತು. ಆಮೇಲೆ ಅದೇ ಅಮೆರಿಕ ಜಪಾನ್ ಹೆಚ್ಚು ಹೊಣೆ ಹೊರಬೇಕೆಂದು ಒತ್ತಾಯಿಸಿತು. 1991ರ ಕೊಲ್ಲಿ ಯುದ್ಧಕ್ಕೆ ಜಪಾನ್ ಸುಮಾರು 1,300 ಕೋಟಿ ಡಾಲರ್ ಕೊಟ್ಟಿತು. ಸೈನಿಕರನ್ನು ಕಳುಹಿಸಲಿಲ್ಲವೆಂದು ಟೀಕೆಯೇ ಬಂತು. ಯುದ್ಧದ ನಂತರ ಕುವೈತ್ ದೇಶವು ಪತ್ರಿಕೆಗಳಲ್ಲಿ ಪ್ರಕಟಿಸಿದ ಕೃತಜ್ಞತೆಯ ಪಟ್ಟಿಯಲ್ಲಿ ಜಪಾನಿನ ಹೆಸರಿರಲಿಲ್ಲ. 1992ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಪಡೆ ಕಳುಹಿಸಲು ಜಪಾನ್ ಕಾನೂನು ಮಾಡಿತು. 2022ರ ಡಿಸೆಂಬರ್‌ನಲ್ಲಿ, ದೀರ್ಘಕಾಲ ರಾಷ್ಟ್ರೀಯ ಉತ್ಪನ್ನದ ಶೇಕಡಾ 1ರ ಸುತ್ತಮುತ್ತ ಇದ್ದ ರಕ್ಷಣಾ ವೆಚ್ಚವನ್ನು 2027ರ ಹೊತ್ತಿಗೆ ಶೇಕಡಾ 2ಕ್ಕೆ ಏರಿಸಲು ತೀರ್ಮಾನಿಸಿತು. ಚೀನಾ ಮತ್ತು ಉತ್ತರ ಕೊರಿಯಾದ ಭಯ ಇದಕ್ಕೆ ಮುಖ್ಯ ಕಾರಣ. ಅಮೆರಿಕದ ಒತ್ತಾಯವೂ ಅದರ ಜೊತೆ ಸೇರಿತ್ತು.

21ನೆಯ ಶತಮಾನದಲ್ಲಿ ಅಮೆರಿಕ ತಾನೇ ಮುಂದೆ ನಿಂತು ರೂಪಿಸಿದ ಒಪ್ಪಂದವನ್ನು ತಾನೇ ಬಿಟ್ಟುಹೋಯಿತು. ಪೆಸಿಫಿಕ್ ಸಾಗರದ ಅಂಚಿನ 12 ದೇಶಗಳ ವ್ಯಾಪಾರ ಒಪ್ಪಂದ ಟಿಪಿಪಿ. ಬರಾಕ್ ಒಬಾಮಾ ಸರ್ಕಾರ ಅದಕ್ಕಾಗಿ ಬಹಳ ದುಡಿದಿತ್ತು. ಪ್ರಧಾನಿ ಶಿಂಜೊ ಅಬೆ ತಮ್ಮ ಪಕ್ಷಕ್ಕೆ ಮತ ಹಾಕುವ ರೈತರ ವಿರೋಧ ಕಟ್ಟಿಕೊಂಡು 2013ರಲ್ಲಿ ಜಪಾನನ್ನು ಅದಕ್ಕೆ ಸೇರಿಸಿದರು. 2016ರ ಫೆಬ್ರವರಿಯಲ್ಲಿ ಸಹಿಯಾಯಿತು, ಡಿಸೆಂಬರ್‌ನಲ್ಲಿ ಜಪಾನಿನ ಸಂಸತ್ತು ಅನುಮೋದಿಸಿತು. 2017ರ ಜನವರಿ 23ರಂದು ಡೊನಾಲ್ಡ್ ಟ್ರಂಪ್ ಒಂದು ಸಹಿಯಿಂದ ಅಮೆರಿಕವನ್ನು ಅದರಿಂದ ಹೊರತಂದರು.

ಜಪಾನ್ ಉಳಿದ ಹತ್ತು ದೇಶಗಳನ್ನು ಒಟ್ಟಿಗೆ ಹಿಡಿದುಕೊಂಡಿತು. 2018ರ ಮಾರ್ಚ್ 8ರಂದು ಚಿಲಿಯ ಸ್ಯಾಂಟಿಯಾಗೊದಲ್ಲಿ 11 ದೇಶಗಳ ಒಪ್ಪಂದಕ್ಕೆ ಸಹಿ ಬಿತ್ತು. ಡಿಸೆಂಬರ್ 30ರಂದು ಜಾರಿಗೆ ಬಂತು. ಮರುವರ್ಷದ ಫೆಬ್ರವರಿಯಲ್ಲಿ ಯುರೋಪಿಯನ್ ಒಕ್ಕೂಟದೊಂದಿಗಿನ ಒಪ್ಪಂದವೂ ಜಾರಿಯಾಯಿತು. ಪರಿಣಾಮ ಮಾಂಸದಂಗಡಿಯಲ್ಲಿ ಕಂಡಿತು. ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್‌ಗಳ ದನದ ಮಾಂಸಕ್ಕೆ ಸುಂಕ ಶೇಕಡಾ 27ರ ಸುಮಾರಿಗೆ ಇಳಿದರೆ, ಅಮೆರಿಕದ ಮಾಂಸಕ್ಕೆ 38.5ರಲ್ಲೇ ನಿಂತಿತು. ಅಮೆರಿಕದ ದನಗಾಹಿಗಳು ಗೋಳಿಟ್ಟರು. 2019ರಲ್ಲಿ ಅಮೆರಿಕ ಜಪಾನಿನೊಂದಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು, ಟಿಪಿಪಿಯಲ್ಲಿ ತಾನು ಬಿಟ್ಟುಕೊಟ್ಟಿದ್ದ ಲಾಭದ ಒಂದು ಭಾಗವನ್ನು ಮರಳಿ ಕೇಳಿ ಪಡೆಯಬೇಕಾಯಿತು.

ಉಕ್ಕಿನ ಕಥೆಯಲ್ಲಿ ಮಿತ್ರ ಎಂಬ ಮಾತಿನ ಮಿತಿ ಇನ್ನಷ್ಟು ಸ್ಪಷ್ಟವಾಯಿತು. 2018ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಅಮೆರಿಕ ಉಕ್ಕಿಗೆ ಶೇಕಡಾ 25, ಅಲ್ಯೂಮಿನಿಯಂಗೆ ಶೇಕಡಾ 10 ಸುಂಕ ಹಾಕಿತು. ಅಮೆರಿಕದ ಸೈನಿಕರಿಗೆ ನೆಲೆ ಕೊಟ್ಟ ಜಪಾನಿಗೂ ವಿನಾಯಿತಿ ಸಿಗಲಿಲ್ಲ. 2023ರ ಡಿಸೆಂಬರ್‌ನಲ್ಲಿ ನಿಪ್ಪಾನ್ ಸ್ಟೀಲ್ ಕಂಪನಿ ಅಮೆರಿಕದ ಯುಎಸ್ ಸ್ಟೀಲ್ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. 2025ರ ಜನವರಿಯಲ್ಲಿ ಜೋ ಬೈಡನ್ ಭದ್ರತೆಯ ಕಾರಣ ಹೇಳಿ ಅದನ್ನು ತಡೆದರು. ಜೂನ್‌ನಲ್ಲಿ ಟ್ರಂಪ್ ಷರತ್ತುಗಳ ಮೇಲೆ ಒಪ್ಪಿದರು. ಒಂದೇ ವ್ಯವಹಾರ ಆರು ತಿಂಗಳೊಳಗೆ ಭದ್ರತೆಗೆ ಅಪಾಯವೂ ಆಗಿತ್ತು, ಸಮ್ಮತವೂ ಆಯಿತು.

2025ರ ಏಪ್ರಿಲ್‌ನಲ್ಲಿ ಆಮದು ಕಾರುಗಳ ಮೇಲೆ ಶೇಕಡಾ 25ರ ಹೊಸ ಸುಂಕ ಬಿತ್ತು. ಹಳೆಯ 2.5 ಸೇರಿ ಒಟ್ಟು 27.5 ಆಯಿತು. ಉಳಿದ ಜಪಾನಿ ಸರಕಿಗೆ 24 ಎಂದು ಘೋಷಿಸಲಾಯಿತು. 2019ರ ಒಪ್ಪಂದದ ವೇಳೆ ಕಾರುಗಳ ಮೇಲೆ ಹೆಚ್ಚುವರಿ ಸುಂಕ ಬೀಳುವುದಿಲ್ಲವೆಂಬ ಖಾತರಿ ಸಿಕ್ಕಿದೆ ಎಂದು ಜಪಾನ್ ಸರ್ಕಾರ ತನ್ನ ಸಂಸತ್ತಿಗೆ ಹೇಳಿತ್ತು. ಅಮೆರಿಕಕ್ಕೆ ಹೋಗುವ ಜಪಾನಿ ರಫ್ತಿನಲ್ಲಿ ಕಾರು ಮತ್ತು ಬಿಡಿಭಾಗಗಳ ಪಾಲು ಸುಮಾರು ಮೂರರಲ್ಲಿ ಒಂದು. ಕಂಪನಿಗಳು ರಫ್ತು ಬೆಲೆ ಇಳಿಸಿ ಸುಂಕದ ಭಾರದ ಒಂದು ಪಾಲನ್ನು ತಾವೇ ಹೊತ್ತವು. ಜುಲೈ 22ರಂದು ಸುಂಕವನ್ನು ಶೇಕಡಾ 15ಕ್ಕೆ ಇಳಿಸುವ ಒಪ್ಪಂದವಾಯಿತು. ಅದಕ್ಕೆ ಪ್ರತಿಯಾಗಿ ಜಪಾನ್ ಅಮೆರಿಕದಲ್ಲಿ 55,000 ಕೋಟಿ ಡಾಲರ್ ಹೂಡಿಕೆಗೆ ಒಪ್ಪಿತು. ಮೊದಲಿದ್ದ 2.5ರ ಆರು ಪಟ್ಟು ಸುಂಕವನ್ನು ಸಮಾಧಾನದಿಂದ ಸ್ವೀಕರಿಸುವ ಸ್ಥಿತಿಗೆ ಹಳೆಯ ಮಿತ್ರನೊಬ್ಬ ಬಂದಿದ್ದ.

ಅಮೆರಿಕದ ನೀತಿ ಹೀಗೆ ಮತ್ತೆ ಮತ್ತೆ ತಿರುಗುವುದಕ್ಕೆ ಅಲ್ಲಿನ ವ್ಯವಸ್ಥೆಯಲ್ಲೇ ಕಾರಣಗಳಿವೆ. ಸುಂಕ ಹಾಕುವ ಅಧಿಕಾರವನ್ನು ಸಂವಿಧಾನ ಕಾಂಗ್ರೆಸ್‌ಗೆ ಕೊಟ್ಟಿದೆ. ಆದರೆ 1934ರಿಂದೀಚೆಗೆ ಕಾಂಗ್ರೆಸ್ ಅನೇಕ ಕಾಯ್ದೆಗಳ ಮೂಲಕ ಅದರ ದೊಡ್ಡ ಭಾಗವನ್ನು ಅಧ್ಯಕ್ಷರಿಗೆ ಒಪ್ಪಿಸಿದೆ. ಉಕ್ಕಿನ ಸುಂಕಕ್ಕೆ ಬಳಸಿದ್ದು 1962ರ ಕಾಯ್ದೆ. 2025ರ ವ್ಯಾಪಕ ಸುಂಕಗಳಿಗೆ ಬಳಸಿದ್ದು 1977ರ ತುರ್ತು ಆರ್ಥಿಕ ಅಧಿಕಾರ ಕಾಯ್ದೆ. ಅದರ ಬೇರು ಇರುವುದು 1917ರ ಅದೇ ಶತ್ರು ವ್ಯಾಪಾರ ಕಾಯ್ದೆಯಲ್ಲಿ. ಔಪಚಾರಿಕ ಒಪ್ಪಂದಕ್ಕೆ ಸೆನೆಟ್‌ನ ಮೂರರಲ್ಲಿ ಎರಡು ಪಾಲು ಬೆಂಬಲ ಬೇಕು. ಅದು ಕಷ್ಟವಾದ್ದರಿಂದ ಅನೇಕ ಮಾತುಗಳು ಅಧ್ಯಕ್ಷರ ಮಟ್ಟದ ಒಪ್ಪಂದಗಳಾಗಿಯೇ ಉಳಿಯುತ್ತವೆ. ಮುಂದಿನ ಅಧ್ಯಕ್ಷರು ಅವುಗಳನ್ನು ಅಷ್ಟೇ ಸುಲಭವಾಗಿ ಬಿಡಬಹುದು. ನಾಲ್ಕು ವರ್ಷಕ್ಕೊಮ್ಮೆ ಬರುವ ಚುನಾವಣೆಯಲ್ಲಿ ಮಿಷಿಗನ್, ಒಹಾಯೊ, ಪೆನ್ಸಿಲ್ವೇನಿಯಾದಂಥ ಕೈಗಾರಿಕಾ ರಾಜ್ಯಗಳ ಮತಕ್ಕೆ ತೂಕ ಹೆಚ್ಚು. ಮಿತ್ರರಾಷ್ಟ್ರಗಳ ಜನರಿಗೆ ಅಲ್ಲಿ ಮತವಿಲ್ಲ.

ಒಮ್ಮೆ ಹಾಕಿದ ನಿರ್ಬಂಧ ಸುಲಭವಾಗಿ ಹೋಗುವುದೂ ಇಲ್ಲ. ಯುರೋಪ್ ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಏರಿಸಿದ್ದಕ್ಕೆ ಪ್ರತಿಯಾಗಿ 1964ರಲ್ಲಿ ಅಮೆರಿಕ ಸಣ್ಣ ಟ್ರಕ್ಕುಗಳಿಗೆ ಶೇಕಡಾ 25 ಸುಂಕ ಹಾಕಿತು. ಗುರಿ ಪಶ್ಚಿಮ ಜರ್ಮನಿಯ ವಾಹನಗಳಾಗಿದ್ದವು. ಕೋಳಿಯ ಜಗಳ ಮರೆತುಹೋಗಿ ದಶಕಗಳೇ ಕಳೆದರೂ ಆ ಸುಂಕ ಉಳಿಯಿತು. ಜಪಾನಿನ ಪಿಕಪ್ ವಾಹನಗಳೂ ಅದರ ಅಡಿ ಬಂದವು.

ಎಲ್ಲ ಮಿತ್ರರೂ ಒಂದೇ ರೀತಿ ಉತ್ತರಿಸುವುದಿಲ್ಲ. 1971ರ ಸುಂಕದ ನಂತರ ಕೆನಡಾ ಅಮೆರಿಕದ ಮೇಲಿನ ಅವಲಂಬನೆ ತಗ್ಗಿಸುವುದಾಗಿ ಮರುವರ್ಷ ಪ್ರಕಟಿಸಿತು. 2018ರಲ್ಲಿ ಉಕ್ಕಿನ ಸುಂಕಕ್ಕೆ ಕೆನಡಾ ಮತ್ತು ಯುರೋಪಿಯನ್ ಒಕ್ಕೂಟ ಪ್ರತಿಸುಂಕ ಹಾಕಿದವು. ಜಪಾನ್ ಹಾಕಲಿಲ್ಲ. ಅಣ್ವಸ್ತ್ರವಿಲ್ಲದ, ಅಕ್ಕಪಕ್ಕದಲ್ಲಿ ಅಣ್ವಸ್ತ್ರವುಳ್ಳ ಮೂರು ದೇಶಗಳಿರುವ ದ್ವೀಪರಾಷ್ಟ್ರಕ್ಕೆ ತನ್ನ ಕಾವಲುಗಾರನ ಜೊತೆ ಸುಂಕದ ಕದನ ದುಬಾರಿ. ಮಾರುಕಟ್ಟೆಗೂ ರಕ್ಷಣೆಗೂ ಒಂದೇ ದೇಶವನ್ನು ನೆಚ್ಚಿದ ಮಿತ್ರನಿಗೆ ಮಾತುಕತೆಯ ಮೇಜಿನಲ್ಲಿ ಬಲ ಕಡಿಮೆ.

ಭಾರತ ಅಮೆರಿಕದ ರಕ್ಷಣಾ ಒಪ್ಪಂದದೊಳಗಿನ ದೇಶವಲ್ಲ. ಜಪಾನ್, ಆಸ್ಟ್ರೇಲಿಯಾ, ಅಮೆರಿಕಗಳೊಂದಿಗೆ ಕ್ವಾಡ್ ಕೂಟದಲ್ಲಿ ಸಹಭಾಗಿ. ಆದರೂ ರಷ್ಯಾದ ತೈಲ ಕೊಂಡ ಕಾರಣಕ್ಕೆ ಹೆಚ್ಚುವರಿ ಸುಂಕ ಸೇರಿ, 2025ರ ಆಗಸ್ಟ್ 27ರಿಂದ ಅನೇಕ ಭಾರತೀಯ ಸರಕುಗಳ ಮೇಲಿನ ಅಮೆರಿಕದ ಸುಂಕ ಶೇಕಡಾ 50 ಆಯಿತು. ಸಹಭಾಗಿತ್ವ ಇಲ್ಲಿಯೂ ಸುಂಕವನ್ನು ತಡೆಯಲಿಲ್ಲ.

ಅಮೆರಿಕದ ಸ್ನೇಹದಿಂದ ಜಪಾನಿಗೆ ಸಿಕ್ಕಿದ್ದು ಕಡಿಮೆಯಲ್ಲ. ಏಳು ದಶಕಗಳ ಶಾಂತಿ, ಬೂದಿಯಿಂದೆದ್ದ ಕೈಗಾರಿಕೆ, ವಿಶಾಲ ಮಾರುಕಟ್ಟೆ ಅದರಿಂದಲೇ ಬಂದವು. ಹಾಗೆಯೇ ಪ್ರತಿಯೊಂದು ಪೆಟ್ಟಿನ ನಂತರ ಜಪಾನ್ ಒಂದೊಂದು ಬದಲಿ ದಾರಿ ಕಟ್ಟಿಕೊಂಡಿತು: ಚೀನಾದೊಂದಿಗೆ ಸಂಬಂಧ, ಬ್ರೆಜಿಲ್‌ನ ಹೊಲ, ಅಮೆರಿಕದ ನೆಲದಲ್ಲೇ ಕಾರ್ಖಾನೆ, ಅಮೆರಿಕವಿಲ್ಲದ ವ್ಯಾಪಾರ ಕೂಟ. ಈ ದಾರಿಗಳಲ್ಲಿ ಕೆಲವು ಮುಂದೆ ಅಮೆರಿಕಕ್ಕೇ ನಷ್ಟ ತಂದವು. ದೊಡ್ಡ ದೇಶವೊಂದು ಮಿತ್ರನಿಗೆ ಕೊಟ್ಟ ಮಾತನ್ನು ಮನಬಂದಂತೆ ಬದಲಿಸಿದಾಗ ಸುಂಕದ ಹಣ ಅದರ ಖಜಾನೆಗೆ ಇಂದೇ ಬರುತ್ತದೆ. ಕಳೆದುಕೊಂಡ ನಂಬಿಕೆಯ ಲೆಕ್ಕ ಬರುವುದು ಒಂದು ತಲೆಮಾರಿನ ನಂತರ. ಚಿಕ್ಕ ದೇಶ ಸ್ನೇಹವನ್ನು ಉಳಿಸಿಕೊಳ್ಳಬೇಕು. ಅನ್ನ, ಮಾರುಕಟ್ಟೆ, ಕಾವಲು ಈ ಮೂರನ್ನೂ ಒಬ್ಬನ ಕೈಯಲ್ಲೇ ಇಡಬಾರದು.